ಅರಸರ ಮುದ್ರೆ, ವರ್ತಕರ ಒರೆಗಲ್ಲು: ಹಳೆಯ ನಾಣ್ಯಗಳು ಹೇಳುವ ಅಧಿಕಾರದ ಕಥೆ

ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯದ ತೂಕ ಸುಮಾರು 4 ಗ್ರಾಂ. ಅದರ ಒಂದು ಬದಿಯಲ್ಲಿ ಸಿಂಹ. ಇನ್ನೊಂದು ಬದಿಯಲ್ಲಿ ಮೂರು ಸಾಲುಗಳಲ್ಲಿ ಕನ್ನಡ ಅಕ್ಷರಗಳು: ಶ್ರೀ ತಲಕಾಡುಗೊಂಡ. ತಲಕಾಡನ್ನು ಗೆದ್ದುಕೊಂಡವನು ಎಂದು ಅರ್ಥ. ಅರಸನ ಹೆಸರು ಆ ನಾಣ್ಯದಲ್ಲಿ ಎಲ್ಲೂ ಇಲ್ಲ. ಇಸವಿ ಇಲ್ಲ. ಇಷ್ಟು ಬೆಲೆಯ ನಾಣ್ಯ ಎಂದೂ ಬರೆದಿಲ್ಲ. ಇಂದು ಯಾವ ನಾಣ್ಯ ಕೈಗೆ ಬಂದರೂ ನಾವು ಮೊದಲು ನೋಡುವುದು ಅಂಕಿಯನ್ನು. ಅದೇ ಇಲ್ಲದ ನಾಣ್ಯವನ್ನು ಒಂಬೈನೂರು ವರ್ಷಗಳ ಹಿಂದೆ ಜನ ಹೇಗೆ ನಂಬಿ ತೆಗೆದುಕೊಂಡರು, ಅರಸನು ತನ್ನ ಹೆಸರನ್ನು ಬಿಟ್ಟು ಒಂದು ಊರಿನ ಹೆಸರನ್ನು ಏಕೆ ಅಚ್ಚು ಹಾಕಿಸಿದ ಎಂಬುದು ತಿಳಿದರೆ ಹಳೆಯ ನಾಣ್ಯಗಳ ಅರ್ಧ ಇತಿಹಾಸ ತಿಳಿದಂತೆ.

ಕಾವೇರಿ ದಂಡೆಯ ತಲಕಾಡು ಗಂಗ ಅರಸರ ರಾಜಧಾನಿಯಾಗಿತ್ತು. ಶ್ರವಣಬೆಳಗೊಳದ ಗೊಮ್ಮಟೇಶ್ವರ ಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯ ಮಂತ್ರಿಯಾಗಿದ್ದದ್ದು ಈ ಗಂಗರ ಬಳಿಯಲ್ಲೇ. 1004ರ ಸುಮಾರಿಗೆ ಚೋಳರು ತಲಕಾಡನ್ನು ಹಿಡಿದರು. ಊರಿಗೆ ರಾಜರಾಜಪುರ ಎಂದು ಹೆಸರಿಟ್ಟರು. ನೂರು ವರ್ಷಕ್ಕೂ ಮೇಲೆ ಗಂಗವಾಡಿ ಅವರ ಕೈಯಲ್ಲೇ ಇತ್ತು. 1116ರ ಸುಮಾರಿಗೆ ಹೊಯ್ಸಳ ಸೈನ್ಯ ಅದನ್ನು ಬಿಡಿಸಿಕೊಂಡಿತು. ಆ ಸೈನ್ಯದ ಮುಂದೆ ನಿಂತವರು ದಂಡನಾಯಕ ಗಂಗರಾಜರು, ನಿಷ್ಠೆಯ ಜೈನ ಶ್ರಾವಕರು. ಗೊಮ್ಮಟೇಶ್ವರನ ಸುತ್ತಲಿನ ಸುತ್ತಾಲಯವನ್ನು ಕಟ್ಟಿಸಿದವರೂ ಅವರೇ. ಗೆಲುವಿನ ನಂತರ ಅರಸ ಮೆಚ್ಚಿ ಕೊಟ್ಟದ್ದನ್ನು ಅವರು ತಮಗೆ ಇಟ್ಟುಕೊಳ್ಳದೆ ಜಿನಾಲಯಗಳ ಪೂಜೆಗೆ ಬಿಟ್ಟದ್ದನ್ನು ಬೆಳಗೊಳದ ಶಾಸನಗಳು ಹೇಳುತ್ತವೆ.

ಅರಸನ ಕಡೆಯಿಂದ ನೋಡಿದರೆ ತಲಕಾಡಿನ ಗೆಲುವು ಒಂದು ಊರಿನ ಗೆಲುವು ಮಾತ್ರ ಆಗಿರಲಿಲ್ಲ. ವಿಷ್ಣುವರ್ಧನ ಆಗಿನ್ನೂ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕೈಕೆಳಗಿನ ಸಾಮಂತ. ಸಾಮಂತನೊಬ್ಬ ತನ್ನದೇ ಬಿರುದಿನಿಂದ ಚಿನ್ನದ ನಾಣ್ಯ ಹೊರಡಿಸುವುದು ಸಣ್ಣ ಧೈರ್ಯವಲ್ಲ. ಹೆಸರು ಯಾರಿಗಾದರೂ ಇರಬಹುದು, ತಲಕಾಡನ್ನು ಗೆದ್ದವನು ಒಬ್ಬನೇ. ಮುಂದೆ ನೊಳಂಬವಾಡಿಯೂ ಕೈಗೆ ಬಂದಾಗ ‘ಶ್ರೀ ನೊಣಂಬವಾಡಿಗೊಂಡ’ ಎಂಬ ಇನ್ನೊಂದು ನಾಣ್ಯ ಬಂತು. ಗಂಗವಾಡಿ 96000, ನೊಣಂಬವಾಡಿ 32000 ಎಂದು ಶಾಸನಗಳು ಎಣಿಸುವ ಎರಡು ದೊಡ್ಡ ನಾಡುಗಳ ಗೆಲುವನ್ನು ಎರಡು ನಾಣ್ಯಗಳು ಸಂತೆಯಿಂದ ಸಂತೆಗೆ ಹೊತ್ತು ತಿರುಗಿದವು. ಶಾಸನದ ಕಲ್ಲು ಇದ್ದಲ್ಲೇ ಇರುತ್ತದೆ, ಅದನ್ನು ಓದಲು ಜನ ಅಲ್ಲಿಗೆ ಹೋಗಬೇಕು. ನಾಣ್ಯ ತಾನಾಗಿಯೇ ಜನರ ಸೊಂಟದ ಚೀಲಕ್ಕೆ ಬಂದು ಸೇರುತ್ತದೆ. ಪತ್ರಿಕೆ, ರೇಡಿಯೋ ಇಲ್ಲದ ಕಾಲದಲ್ಲಿ ಅರಸನ ಸುದ್ದಿಯನ್ನು ದೂರದ ಹಳ್ಳಿಗೂ ಮುಟ್ಟಿಸುವ ಸಾಧನ ಇದಕ್ಕಿಂತ ಬೇರೆ ಇರಲಿಲ್ಲ.

ಲಾಂಛನ ಕಂಡೊಡನೆ ತೀರ್ಥಂಕರರೇ?

ಇಲ್ಲಿ ಒಂದು ವಿಷಯವನ್ನು ಸ್ಪಷ್ಟ ಮಾಡಿಕೊಳ್ಳಬೇಕು. ನಮ್ಮ ಸಮಾಜದಲ್ಲಿ ಹಳೆಯ ನಾಣ್ಯದ ಚಿತ್ರ ನೋಡಿದ ಕೂಡಲೇ ಅದನ್ನು ತೀರ್ಥಂಕರರ ಲಾಂಛನದೊಂದಿಗೆ ಹೊಂದಿಸುವವರು ಇದ್ದಾರೆ. ಗಂಗರ ನಾಣ್ಯದಲ್ಲಿ ಆನೆ ಇದೆ, ಆದ್ದರಿಂದ ಅದು ಅಜಿತನಾಥರ ಲಾಂಛನ. ಚಾಲುಕ್ಯರದ್ದು ವರಾಹ, ಆದ್ದರಿಂದ ವಿಮಲನಾಥರದ್ದು. ಹೊಯ್ಸಳರ ಸಿಂಹ ಮಹಾವೀರ ಸ್ವಾಮಿಯದ್ದು ಎನ್ನುತ್ತಾರೆ. ಅಭಿಮಾನ ಒಳ್ಳೆಯದೇ. ಆದರೆ ನಾಣ್ಯದ ಮಟ್ಟಿಗೆ ಈ ಮಾತು ನಿಲ್ಲುವುದಿಲ್ಲ.

ಆನೆ ಗಂಗರ ರಾಜಲಾಂಛನ. ಅವರ ತಾಮ್ರಶಾಸನಗಳ ಮುದ್ರೆಯಲ್ಲೂ ಆನೆಯೇ ಇದೆ. ಅವರದೆಂದು ಹೇಳುವ ಚಿನ್ನದ ನಾಣ್ಯದಲ್ಲಿ ಒಂದು ಕಡೆ ಆನೆ, ಇನ್ನೊಂದು ಕಡೆ ಬಳ್ಳಿಯ ಸುರುಳಿ. ಜಿನಧರ್ಮಕ್ಕೆ ಅಷ್ಟೊಂದು ಆಶ್ರಯ ಕೊಟ್ಟ ವಂಶವಾದರೂ ನಾಣ್ಯದ ಮೇಲೆ ಜಿನಬಿಂಬವನ್ನು ಹಾಕಲಿಲ್ಲ. ಚಾಲುಕ್ಯರ ವರಾಹ ವಿಷ್ಣುವಿನ ಅವತಾರದ ಗುರುತು. ಆ ಮುದ್ರೆಯಿಂದಲೇ ಚಿನ್ನದ ನಾಣ್ಯಕ್ಕೆ ‘ವರಾಹ’ ಎಂಬ ಹೆಸರು ಬಂತು. ಆಮೇಲೆ ಹಂದಿಯ ಚಿತ್ರ ಇಲ್ಲದ ನಾಣ್ಯಗಳನ್ನೂ ಜನ ವರಾಹ ಎಂದೇ ಕರೆದರು. ವಂಶ ಹೋದ ಮೇಲೂ ಅದರ ಮುದ್ರೆಯ ಹೆಸರು ಏಳೆಂಟು ನೂರು ವರ್ಷ ಬಾಯಲ್ಲಿ ಉಳಿಯಿತು.

ಹೊಯ್ಸಳರ ಸಿಂಹಕ್ಕೆ ಮಾತ್ರ ಜೈನ ಸಂಬಂಧ ಇರುವುದು ನಿಜ, ಆದರೆ ಅದು ಬೇರೆ ದಾರಿಯಿಂದ ಬಂದದ್ದು. ಸೊಸೆವೂರಿನಲ್ಲಿ, ಅಂದರೆ ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ಸುದತ್ತ ಮುನಿಗಳು ‘ಹೊಯ್ ಸಳ’ ಎಂದಾಗ ಸಳನು ಮೇಲೆರಗಿದ ಹುಲಿಯನ್ನು ಹೊಡೆದ ಕಥೆ ಎಲ್ಲರಿಗೂ ಗೊತ್ತು. ವಂಶದ ಲಾಂಛನ ಆ ಕಥೆಯದ್ದು. ಅದನ್ನು ಮಹಾವೀರರ ಲಾಂಛನ ಎಂದು ಹೇಳುವ ಅಗತ್ಯವೇ ಇಲ್ಲ. ಮುನಿಗಳ ಮಾತಿನಿಂದ ಒಂದು ರಾಜ್ಯ ಹುಟ್ಟಿತು ಎಂದು ಆ ವಂಶದವರೇ ಹೇಳಿಕೊಂಡದ್ದು ಸಾಲದೇ?

ಗದ್ಯಾಣ, ಹಣ, ಹಾಗ, ವೀಸ

ಅರಸ ಮುದ್ರೆ ಒತ್ತಿದ ಮಾತ್ರಕ್ಕೆ ನಾಣ್ಯ ಓಡುವುದಿಲ್ಲ. ಅದು ಓಡಬೇಕಾದದ್ದು ಅಂಗಡಿಯಲ್ಲಿ, ಸಂತೆಯಲ್ಲಿ, ಬಸದಿಯ ಭಂಡಾರದಲ್ಲಿ. ಕರ್ನಾಟಕದ ಶಾಸನಗಳಲ್ಲಿ ದಾನದ ಲೆಕ್ಕವೆಲ್ಲ ಬರುವುದು ಗದ್ಯಾಣದಲ್ಲಿ. ಹತ್ತು ಹಣಕ್ಕೆ ಒಂದು ಗದ್ಯಾಣ. ಹಣದ ಕಾಲು ಭಾಗ ಹಾಗ, ಹದಿನಾರನೆಯ ಭಾಗ ವೀಸ. ಇವತ್ತು ನಾವು ಹಣ ಎಂದು ಕರೆಯುವುದು ಒಂದು ಕಾಲದಲ್ಲಿ ಮೂರನೆಯ ಒಂದು ಗ್ರಾಂ ತೂಕದ, ಬೆರಳ ತುದಿಯಿಂದ ಜಾರಿದರೆ ಹುಡುಕಲು ಕಷ್ಟವಾಗುವಷ್ಟು ಚಿಕ್ಕ ಚಿನ್ನದ ನಾಣ್ಯದ ಹೆಸರು. ಕಾಸು, ದುಡ್ಡು ಎಂಬವೂ ಹೀಗೆಯೇ ನಾಣ್ಯಗಳ ಹೆಸರುಗಳು. ನಾಣ್ಯಗಳು ಹೋದವು, ಮಾತು ಉಳಿಯಿತು.

ಬೆಳಗೊಳದ ಶಾಸನಗಳಲ್ಲಿ ಶ್ರಾವಕ ಶ್ರಾವಕಿಯರು ಇಷ್ಟು ಗದ್ಯಾಣವನ್ನು ಇಡುಗಂಟಾಗಿ ಕೊಟ್ಟು, ಅದರ ಬಡ್ಡಿಯಲ್ಲಿ ಗೊಮ್ಮಟ ಸ್ವಾಮಿಯ ನಿತ್ಯಾಭಿಷೇಕಕ್ಕೆ ಇಷ್ಟು ಮಾನ ಹಾಲು, ಪೂಜೆಗೆ ಇಷ್ಟು ಹೂವು ನಡೆಯಬೇಕೆಂದು ಬರೆಸಿದ್ದಾರೆ. ಆಚಂದ್ರಾರ್ಕವಾಗಿ, ಅಂದರೆ ಸೂರ್ಯ ಚಂದ್ರರು ಇರುವವರೆಗೆ, ಎಂಬುದು ಅವರ ಸಂಕಲ್ಪ. ಅಷ್ಟು ಕಾಲದ ಮಾತನ್ನು ಒಂದು ನಾಣ್ಯದ ಮೇಲೆ ಕಟ್ಟಬೇಕಾದರೆ ಆ ನಾಣ್ಯದ ಚಿನ್ನದಲ್ಲಿ ಮೋಸ ಇರಬಾರದು. ಅರಸ ನಾಳೆ ಬದಲಾಗಬಹುದು, ಹಾಲು ನಿಲ್ಲಬಾರದು. ಶಾಸನಗಳು ಕೆಲವು ಕಡೆ ಬರೀ ಗದ್ಯಾಣ ಎನ್ನದೆ ಯಾವ ಗದ್ಯಾಣ ಎಂದೂ ಹೇಳುತ್ತವೆ. ‘ಲೊಕ್ಕಿಗುಂಡಿಯ ಗದ್ಯಾಣ’ ಹಾಗೆ ಹೆಸರು ಪಡೆದದ್ದು. ಲೊಕ್ಕಿಗುಂಡಿ ಎಂದರೆ ಇಂದಿನ ಗದಗ ಜಿಲ್ಲೆಯ ಲಕ್ಕುಂಡಿ. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ಊರು. ಅಲ್ಲಿ ಟಂಕಸಾಲೆ ಇತ್ತು. ಇಂಥ ಊರಿನ ನಾಣ್ಯ ಎಂದು ಕೇಳಿ ಪಡೆಯುತ್ತಿದ್ದರು ಎಂದರೆ, ಅರಸನ ಬಿರುದಿನಷ್ಟೇ ಟಂಕಸಾಲೆಯ ಹೆಸರಿಗೂ ಬೆಲೆ ಇತ್ತು ಎಂದಾಯಿತು. ವ್ಯಾಪಾರ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಂದಿನ ನಾಣ್ಯ ತಯಾರಿಕೆ ಕೈಕೆಲಸ. ಕರಗಿಸಿದ ಚಿನ್ನವನ್ನು ತೂಕಕ್ಕೆ ಸರಿಯಾಗಿ ತುಂಡು ಮಾಡಿ, ಕೆಳಗೊಂದು ಮೇಲೊಂದು ಅಚ್ಚಿನ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುವುದು. ಏಟು ಸ್ವಲ್ಪ ಓರೆಯಾದರೆ ಅರ್ಧ ಅಕ್ಷರ ಹೊರಗೆ. ಮುದ್ರೆ ಹೀಗೆ ಅರ್ಧಂಬರ್ಧ ಬಿದ್ದರೂ ಯಾರೂ ಬೇಡ ಎನ್ನುತ್ತಿರಲಿಲ್ಲ, ತೂಕ ಕಡಿಮೆಯಾದರೆ ಮಾತ್ರ ಬಿಡುತ್ತಿರಲಿಲ್ಲ. ಚಿನಿವಾರನ ಬಳಿ ತಕ್ಕಡಿ, ಗುಲಗಂಜಿ, ಒರೆಗಲ್ಲು ಮೂರೂ ಇರುತ್ತಿದ್ದವು.

ಅರಸನ ಮುಖಕ್ಕೆ ಬೆಲೆ ಇಲ್ಲದಾಗ

ಮುದ್ರೆಗಿಂತ ಲೋಹವೇ ದೊಡ್ಡದು ಎಂಬುದಕ್ಕೆ ನಮ್ಮ ನೆಲದಲ್ಲೇ ಸಿಕ್ಕ ಸಾಕ್ಷಿ ರೋಮನ್ ನಾಣ್ಯಗಳು. ಎರಡು ಸಾವಿರ ವರ್ಷಗಳ ಹಿಂದೆ ಮೆಣಸು, ಮುತ್ತು, ಬಟ್ಟೆಗಳ ವ್ಯಾಪಾರದಲ್ಲಿ ರೋಮಿನ ಚಿನ್ನ ಬೆಳ್ಳಿ ದಕ್ಷಿಣ ಭಾರತಕ್ಕೆ ಬಂತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳು, ಅಕ್ಕಿಆಲೂರಿನಲ್ಲಿ ಅದೇ ಸಾಮ್ರಾಜ್ಯದ ಕೊನೆಗಾಲದ ಚಿನ್ನದ ನಾಣ್ಯಗಳು ಸಿಕ್ಕಿವೆ. ರೋಮಿನಲ್ಲಿ ಚಕ್ರವರ್ತಿಯ ಮುಖ ಇರುವ ನಾಣ್ಯ ಎಂದರೆ ಭಯಭಕ್ತಿ. ಇಲ್ಲಿಗೆ ಬಂದ ಹಲವು ಚಿನ್ನದ ನಾಣ್ಯಗಳಲ್ಲಿ ಅದೇ ಮುಖದ ಮೇಲೆ ಉಳಿಯಿಂದ ಕಡಿದ ಗಾಯ ಇದೆ. ಒಳಗೂ ಚಿನ್ನವೇ ಇದೆಯೋ ಎಂದು ನೋಡಲು ಕಡಿದರು ಎನ್ನುವವರಿದ್ದಾರೆ. ಇದು ಇನ್ನು ನಾಣ್ಯವಲ್ಲ, ಬರೀ ಚಿನ್ನ ಎಂದು ಗುರುತು ಮಾಡಲು ಕಡಿದರು ಎನ್ನುವವರೂ ಇದ್ದಾರೆ. ಯಾವುದೇ ಆಗಲಿ, ಇಲ್ಲಿನ ವರ್ತಕನಿಗೆ ಸೀಸರನ ಮುಖ ಮುಖ್ಯವಾಗಿರಲಿಲ್ಲ.

ನಾಣ್ಯ ಪರೀಕ್ಷೆಯ ಈ ವಿದ್ಯೆಯನ್ನು ಗ್ರಂಥವಾಗಿ ಬರೆದಿಟ್ಟವರು ಒಬ್ಬ ಜೈನ ಶ್ರಾವಕರು ಎಂಬುದು ಕನ್ನಡದಲ್ಲಿ ಹೆಚ್ಚು ಪ್ರಚಾರಕ್ಕೆ ಬಂದಿಲ್ಲ. ಅವರ ಹೆಸರು ಠಕ್ಕುರ ಫೇರು. ಶ್ರೀಮಾಲ ಕುಲದವರು, ದೆಹಲಿಯಲ್ಲಿ ಅಲಾವುದ್ದೀನ್ ಖಿಲ್ಜಿಯ ಕಾಲದಲ್ಲಿ ಸುಲ್ತಾನರ ಭಂಡಾರದಲ್ಲೂ ಟಂಕಸಾಲೆಯಲ್ಲೂ ಕೆಲಸ ಮಾಡಿದವರು. ರತ್ನಗಳ ಬಗ್ಗೆ, ಗಣಿತದ ಬಗ್ಗೆ, ವಾಸ್ತುವಿನ ಬಗ್ಗೆ ಬರೆದ ಅವರು 1318ರಲ್ಲಿ ‘ದ್ರವ್ಯಪರೀಕ್ಷಾ’ ಎಂಬ ಗ್ರಂಥವನ್ನು ರಚಿಸಿದರು. ಬೇರೆ ಬೇರೆ ರಾಜ್ಯಗಳ ಇನ್ನೂರಕ್ಕೂ ಹೆಚ್ಚು ಬಗೆಯ ನಾಣ್ಯಗಳ ಹೆಸರು, ತೂಕ, ಅದರಲ್ಲಿರುವ ಚಿನ್ನ ಬೆಳ್ಳಿಯ ಪ್ರಮಾಣ, ವಿನಿಮಯದ ಬೆಲೆ ಎಲ್ಲವೂ ಅದರಲ್ಲಿವೆ. ಗೆದ್ದ ರಾಜ್ಯಗಳ ನಾಣ್ಯಗಳು ರಾಶಿಯಾಗಿ ದೆಹಲಿಗೆ ಬಂದು ಬೀಳುತ್ತಿದ್ದ ಕಾಲ ಅದು. ಅಲಾವುದ್ದೀನ್ ತನ್ನ ನಾಣ್ಯಗಳಲ್ಲಿ ತಾನು ಎರಡನೆಯ ಸಿಕಂದರ್ ಎಂದು ಬರೆಸಿಕೊಂಡಿದ್ದ. ಫೇರು ಅವರು ನೋಡಿದ್ದು ಬಿರುದನ್ನಲ್ಲ, ನೂರು ತೂಕದಲ್ಲಿ ಬೆಳ್ಳಿ ಎಷ್ಟು ಎಂಬುದನ್ನು. ಶತಮಾನಗಳ ಕಾಲ ಮರೆತುಹೋಗಿದ್ದ ಈ ಗ್ರಂಥದ ಹಸ್ತಪ್ರತಿಯನ್ನು ಕಲ್ಕತ್ತೆಯ ಭಂಡಾರವೊಂದರಲ್ಲಿ ಗುರುತಿಸಿದವರು ಅಗರ್‌ಚಂದ್ ನಾಹಟಾ ಮತ್ತು ಭಂವರ್‌ಲಾಲ್ ನಾಹಟಾ. ಆಮೇಲೆ ಮುನಿ ಜಿನವಿಜಯರ ಸಂಪಾದಕತ್ವದಲ್ಲಿ ಫೇರು ಅವರ ಗ್ರಂಥಗಳು ಅಚ್ಚಾದವು. ಕೈಬರಹದ ಗ್ರಂಥಗಳನ್ನು ಕಾಪಾಡುವ ನಮ್ಮ ಶಾಸ್ತ್ರಭಂಡಾರಗಳು ಇರದಿದ್ದರೆ ಆ ಕಾಲದ ನಾಣ್ಯಗಳ ಲೆಕ್ಕ ಇತಿಹಾಸಕಾರರಿಗೆ ಸಿಗುತ್ತಿರಲಿಲ್ಲ.

ಫೇರು ಅವರ ಗ್ರಂಥ ಬಂದ ಹತ್ತು ಹನ್ನೆರಡು ವರ್ಷಗಳಲ್ಲೇ, 1330ರ ಹೊತ್ತಿಗೆ, ಅದೇ ದೆಹಲಿಯಲ್ಲಿ ಮಹಮ್ಮದ್ ಬಿನ್ ತುಘಲಕ್ ಹಿತ್ತಾಳೆ, ತಾಮ್ರದ ಬಿಲ್ಲೆಗಳನ್ನು ಹೊರಡಿಸಿ ಇವನ್ನು ಬೆಳ್ಳಿಯ ಟಂಕವೆಂದೇ ತೆಗೆದುಕೊಳ್ಳಬೇಕು ಎಂದು ಆಜ್ಞೆ ಮಾಡಿದ. ಸುಲ್ತಾನನಿಗೆ ವಿಧೇಯನಾದವನು ದೇವರಿಗೇ ವಿಧೇಯನಾದಂತೆ ಎಂಬ ಅರ್ಥದ ಮಾತನ್ನೂ ಅವುಗಳ ಮೇಲೆ ಒತ್ತಿಸಿದ. ನಾಣ್ಯದಲ್ಲಿ ಇಷ್ಟೊಂದು ಉಪದೇಶ ಬಂದಾಗ ವರ್ತಕರಿಗೆ ಅನುಮಾನ ಬರುವುದು ಸಹಜ. ಮುದ್ರೆಯನ್ನು ನಕಲು ಮಾಡುವುದು ಸುಲಭವಿದ್ದುದರಿಂದ ಮನೆಮನೆಯೂ ಟಂಕಸಾಲೆಯಾಯಿತು ಎಂದು ಆ ಕಾಲದ ಬರಹಗಾರ ಬರನಿ ಬರೆದಿದ್ದಾನೆ. ಎರಡು ಮೂರು ವರ್ಷಗಳಲ್ಲೇ ಸುಲ್ತಾನ ಆಜ್ಞೆಯನ್ನು ಹಿಂದಕ್ಕೆ ತೆಗೆದುಕೊಂಡು ಬಿಲ್ಲೆಗಳ ಬದಲಿಗೆ ಬೆಳ್ಳಿ, ಚಿನ್ನ ಕೊಡಬೇಕಾಯಿತು. ವಾಪಸು ಬಂದ ಬಿಲ್ಲೆಗಳು ತುಘಲಕಾಬಾದಿನಲ್ಲಿ ಗುಡ್ಡದಂತೆ ಬಿದ್ದಿದ್ದವಂತೆ. ಅವನನ್ನು ಹುಚ್ಚ ಎಂದು ಶಾಲೆಯ ಪಾಠಗಳು ಹೇಳಿಕೊಡುತ್ತವೆ. ಅದು ಪೂರ್ತಿ ನ್ಯಾಯವಲ್ಲ. ಇಂದಿನ ನೋಟು ಕೂಡ ಬರೀ ಕಾಗದವೇ. ನಕಲನ್ನು ತಡೆಯುವ ಉಪಾಯ ಅವನ ಬಳಿ ಇರಲಿಲ್ಲ, ಅಷ್ಟೆ.

ವಿಜಯನಗರದ ವರಾಹ

ತುಘಲಕನ ಆಳ್ವಿಕೆ ದಕ್ಷಿಣದಲ್ಲಿ ಸಡಿಲವಾದ ಹೊತ್ತಿನಲ್ಲೇ, 1336ರಲ್ಲಿ, ವಿಜಯನಗರ ಹುಟ್ಟಿತು. ದಕ್ಷಿಣ ಭಾರತದಲ್ಲಿ ಮುದ್ರೆಯ ಗೌರವ ಮತ್ತು ಚಿನ್ನದ ನಂಬಿಕೆ ಎರಡನ್ನೂ ಒಟ್ಟಿಗೆ ಉಳಿಸಿಕೊಂಡ ಉದಾಹರಣೆ ಈ ರಾಜ್ಯದ್ದು. ಅದರ ವರಾಹದ ತೂಕ ಸುಮಾರು 3.4 ಗ್ರಾಂ. ಸಂಗಮ, ಸಾಳುವ, ತುಳುವ, ಅರವೀಡು ಎಂದು ನಾಲ್ಕು ವಂಶಗಳು ಬದಲಾದರೂ ಈ ತೂಕ ಹೆಚ್ಚು ಕಡಿಮೆ ಬದಲಾಗಲಿಲ್ಲ. ವರಾಹದ ಅರ್ಧ ಪ್ರತಾಪ, ಅದರ ಕೆಳಗೆ ಹಣ, ಬೆಳ್ಳಿಯ ತಾರ, ತಾಮ್ರದ ಜೀತಲ. 1443ರಲ್ಲಿ ಬಂದ ಪಾರಸಿ ರಾಯಭಾರಿ ಅಬ್ದುಲ್ ರಜಾಕ್ ಇವನ್ನೆಲ್ಲ ಹೆಸರಿಸಿ, ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು ಹಣ ಎಂದಿದ್ದಾನೆ. ಸಾಮ್ರಾಜ್ಯದ ಎಲ್ಲ ಸೀಮೆಗಳ ಚಿನ್ನ ಟಂಕಸಾಲೆಗೆ ಬರುವುದನ್ನು, ಸೈನಿಕರಿಗೆ ನಾಲ್ಕು ತಿಂಗಳಿಗೊಮ್ಮೆ ಸಂಬಳ ಅಲ್ಲಿಂದಲೇ ಹೋಗುವುದನ್ನೂ ಬರೆದಿದ್ದಾನೆ. ಸೈನಿಕನ ಕೈಗೆ ಅರಸನ ಮುದ್ರೆಯ ನಾಣ್ಯ ನೇರವಾಗಿ ಬರುವುದಕ್ಕಿಂತ ದೊಡ್ಡ ಅಧಿಕಾರದ ಗುರುತು ಯಾವುದಿದೆ?

ಮುದ್ರೆಗಳು ಮಾತ್ರ ಅರಸನಿಂದ ಅರಸನಿಗೆ ಬದಲಾದವು. ಮೊದಲ ಅರಸರದ್ದು ಹನುಮ ಮತ್ತು ಗರುಡ. ಎರಡನೆಯ ಹರಿಹರನ ಕಾಲಕ್ಕೆ ಉಮಾಮಹೇಶ್ವರ, ಲಕ್ಷ್ಮೀನಾರಾಯಣ, ಲಕ್ಷ್ಮೀನರಸಿಂಹರು ಬಂದರು. ಶೈವರೂ ವೈಷ್ಣವರೂ ಇದ್ದ ರಾಜ್ಯದಲ್ಲಿ ಇಬ್ಬರನ್ನೂ ಸಮಾಧಾನವಾಗಿ ಇಟ್ಟುಕೊಳ್ಳುವ ಜಾಣತನ ಇದರಲ್ಲಿ ಕಾಣುತ್ತದೆ. ಆನೆ ಬೇಟೆಯ ಬಿರುದು ಹೊತ್ತ ಎರಡನೆಯ ದೇವರಾಯನ ನಾಣ್ಯದಲ್ಲಿ ಆನೆ ಬಂತು. ಕೃಷ್ಣದೇವರಾಯ ಒಡಿಶಾದ ಗಜಪತಿಯಿಂದ ಉದಯಗಿರಿ ಕೋಟೆಯನ್ನು ಗೆದ್ದು, ಅಲ್ಲಿಂದ ಬಾಲಕೃಷ್ಣನ ಮೂರ್ತಿಯನ್ನು ತಂದು 1515ರಲ್ಲಿ ಹಂಪಿಯಲ್ಲಿ ದೇವಸ್ಥಾನ ಕಟ್ಟಿಸಿ ಪ್ರತಿಷ್ಠೆ ಮಾಡಿದ. ಅವನ ವರಾಹದ ಮೇಲೂ ಬಾಲಕೃಷ್ಣನೇ ಕುಳಿತಿದ್ದಾನೆ. ಹಿಂಬದಿಯಲ್ಲಿ ನಾಗರಿ ಅಕ್ಷರದಲ್ಲಿ ‘ಶ್ರೀ ಪ್ರತಾಪ ಕೃಷ್ಣರಾಯ’. ವಿಷ್ಣುವರ್ಧನ ನಾಲ್ಕು ನೂರು ವರ್ಷ ಹಿಂದೆ ಅಕ್ಷರದಲ್ಲಿ ಹೇಳಿದ ಗೆಲುವನ್ನು ಇವನು ಮೂರ್ತಿಯಲ್ಲಿ ಹೇಳಿದ. ಕನ್ನಡ, ತೆಲುಗು, ತಮಿಳು ನಾಡುಗಳಲ್ಲೆಲ್ಲ ಓಡಬೇಕಾದ ನಾಣ್ಯವಾದ್ದರಿಂದ ಯಾವುದೊಂದು ಸೀಮೆಗೂ ಸೇರದ ನಾಗರಿ ಲಿಪಿ ಇರಬೇಕು.

ಅವನ ತಮ್ಮ ಅಚ್ಯುತರಾಯನ ನಾಣ್ಯದಲ್ಲಿ ಎರಡು ತಲೆಯ ಗಂಡಭೇರುಂಡ ಆನೆಗಳನ್ನೇ ಕೊಕ್ಕು ಕಾಲುಗಳಲ್ಲಿ ಎತ್ತಿಕೊಂಡು ಹಾರುತ್ತದೆ. ಇಂದು ಕರ್ನಾಟಕ ಸರ್ಕಾರದ ಲಾಂಛನದಲ್ಲಿರುವುದೂ ಗಂಡಭೇರುಂಡವೇ, ಅದು ಮೈಸೂರು ಅರಸರ ಮೂಲಕ ಬಂದದ್ದು. 1565ರ ಯುದ್ಧದ ನಂತರ ಹಂಪಿ ಹಾಳಾಯಿತು. ವರಾಹ ಹಾಳಾಗಲಿಲ್ಲ.

ಹೈದರನ ಶಿವಪಾರ್ವತಿ

ವಿಜಯನಗರದ ಸಾಮಂತರಾಗಿದ್ದ ಕೆಳದಿ ಇಕ್ಕೇರಿಯ ನಾಯಕರು ಶಿವಪಾರ್ವತಿಯರ ಮುದ್ರೆಯ, ‘ಶ್ರೀ ಸದಾಶಿವ’ ಎಂದು ಬರೆದ ವರಾಹವನ್ನು ಹೊರಡಿಸಿದರು. ಮಲೆನಾಡಿನ ಮೆಣಸು, ಅಡಿಕೆ, ಕರಾವಳಿಯ ಅಕ್ಕಿ ವ್ಯಾಪಾರದಲ್ಲಿ ಇಕ್ಕೇರಿ ವರಾಹಕ್ಕೆ ಒಳ್ಳೆಯ ಹೆಸರು. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಹಿಡಿದ. ಅಲ್ಲಿನ ಟಂಕಸಾಲೆಯೂ ಅವನ ಕೈಗೆ ಬಂತು. ಗೆದ್ದವನು ಸೋತವನ ಮುದ್ರೆಯನ್ನು ಅಳಿಸುವುದು ರೂಢಿ. ಹೈದರ್ ಹಾಗೆ ಮಾಡಲಿಲ್ಲ. ಅವನ ಬಹಾದುರಿ ಹೊನ್ನಿನಲ್ಲಿ ಶಿವಪಾರ್ವತಿಯರು ಹಾಗೆಯೇ ಉಳಿದರು. ಹಿಂಬದಿಯಲ್ಲಿ ಚುಕ್ಕಿಗಳ ನಡುವೆ ಪಾರಸಿ ಲಿಪಿಯ ಒಂದೇ ಅಕ್ಷರ ಬಂತು, ತನ್ನ ಹೆಸರಿನ ‘ಹ’.

ಇದನ್ನು ಮತಸಹಿಷ್ಣುತೆ ಎಂದು ಕೆಲವರು ಹೊಗಳುತ್ತಾರೆ. ಅದೂ ಇರಬಹುದು. ಆದರೆ ಸಂತೆಯ ಕಣ್ಣಿನಿಂದ ನೋಡಿದರೆ ಕಾರಣ ಇನ್ನೂ ಸರಳ. ಓದು ಬಾರದ ರೈತನೂ ಶಿವಪಾರ್ವತಿಯರ ಮುದ್ರೆ ನೋಡಿ ಇದು ನಮ್ಮ ವರಾಹ ಎಂದು ಗುರುತಿಸುತ್ತಿದ್ದ. ಆ ಮುದ್ರೆ ಹೋದರೆ ನಾಣ್ಯ ಮತ್ತೆ ಒರೆಗಲ್ಲಿಗೆ ಹೋಗಬೇಕು, ಪ್ರತಿ ವ್ಯವಹಾರದಲ್ಲೂ ಅನುಮಾನ, ವಟ್ಟ. ಯುದ್ಧದ ಖರ್ಚಿಗೆ ಹಣ ಬೇಕಾದ ಹೈದರನಿಗೆ ಅದು ಬೇಕಿರಲಿಲ್ಲ.

ಮಗ ಟಿಪ್ಪುವಿನ ದಾರಿ ಬೇರೆ. ಅವನ ಚಿನ್ನ, ಬೆಳ್ಳಿ ನಾಣ್ಯಗಳಲ್ಲಿ ದೇವರ ಮೂರ್ತಿಗಳಿಲ್ಲ, ಪಾರಸಿ ಬರಹ ಮಾತ್ರ. ನಾಣ್ಯಗಳಿಗೆ ಅಹಮದಿ, ಸಿದ್ದೀಕಿ, ಫಾರೂಕಿ, ಇಮಾಮಿ ಎಂದು ಹೊಸ ಹೆಸರುಗಳು. ತಾಮ್ರದ ಕಾಸುಗಳಿಗೆ ಜೊಹರಾ, ಬಹರಾಮ್ ಎಂದು ಗ್ರಹಗಳ ಹೆಸರು, ಮೇಲೆ ಆನೆ. ಹೊಸ ಮೌಲೂದಿ ಶಕೆ. ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇಷ್ಟೆಲ್ಲ ಹೊಸದು ಮಾಡಿದವನು ತನ್ನ ಹೆಸರನ್ನು ಮಾತ್ರ ಹಾಕಿಕೊಳ್ಳಲಿಲ್ಲ, ತಂದೆಯ ‘ಹ’ ಅಕ್ಷರವನ್ನು ಉಳಿಸಿದ. ಇದಕ್ಕಿಂತ ಮುಖ್ಯವಾದದ್ದು ಮತ್ತೊಂದು: ದೆಹಲಿಯ ಮೊಗಲ್ ಬಾದಶಹನ ಹೆಸರೂ ಅವನ ನಾಣ್ಯದಲ್ಲಿಲ್ಲ. ಆ ಕಾಲದಲ್ಲಿ ಮರಾಠರು, ನಿಜಾಮ, ಇಂಗ್ಲಿಷರು ಎಲ್ಲರೂ ರೂಪಾಯಿಯ ಮೇಲೆ ಬಾದಶಹನ ಹೆಸರು ಒತ್ತುತ್ತಿದ್ದರು. ಅದನ್ನು ಬಿಟ್ಟದ್ದೇ ತನ್ನ ಮೇಲೆ ಯಾರೂ ಇಲ್ಲ ಎಂಬ ಘೋಷಣೆ.

ಇಂಗ್ಲಿಷ್ ಕಂಪನಿಯಂತೂ ವ್ಯಾಪಾರಿಗಳದ್ದೇ ಸಂಸ್ಥೆ, ಮುದ್ರೆಯ ಲೆಕ್ಕ ಅವರಿಗೆ ಚೆನ್ನಾಗಿ ತಿಳಿದಿತ್ತು. ಮದರಾಸಿನಲ್ಲಿ ಮೂರು ಸ್ವಾಮಿ ವರಾಹ ಎಂದು ವೆಂಕಟೇಶ್ವರ ಮತ್ತು ಇಬ್ಬರು ದೇವಿಯರ ಚಿತ್ರವಿರುವ ಚಿನ್ನದ ನಾಣ್ಯ ಮಾಡಿಸಿದರು. ಬಂಗಾಳದಲ್ಲಿ ಶಾ ಆಲಂ ಬಾದಶಹನ ಹೆಸರಿನಲ್ಲೇ ರೂಪಾಯಿ. ಅಲ್ಲಿ ಇನ್ನೊಂದು ತೊಡಕಿತ್ತು. ಬಾದಶಹ ಪಟ್ಟಕ್ಕೆ ಬಂದು ಎಷ್ಟನೇ ವರ್ಷ ಎಂಬುದು ನಾಣ್ಯದ ಮೇಲೆ ಇರುತ್ತಿತ್ತು. ಹೊಸ ವರ್ಷದ ನಾಣ್ಯ ಬಂದೊಡನೆ ಸರಾಫರು ಹಳೆಯದಕ್ಕೆ ವಟ್ಟ ಹಿಡಿಯುತ್ತಿದ್ದರು. ಇದನ್ನು ತಪ್ಪಿಸಲು ಕಂಪನಿ 19ನೇ ವರ್ಷ ಎಂಬುದನ್ನೇ ಖಾಯಂ ಮಾಡಿ, ಮುಂದೆ ದಶಕಗಳ ಕಾಲ ಅದೇ ವರ್ಷವನ್ನು ಒತ್ತಿತು. ಶಾ ಆಲಂ 1806ರಲ್ಲಿ ತೀರಿಕೊಂಡ ಮೇಲೂ ಅವನ ಹೆಸರಿನ ರೂಪಾಯಿ ನಡೆಯಿತು. 1835ರಲ್ಲಿ ಮಾತ್ರ ಧೈರ್ಯ ಬಂದು, ಇಡೀ ದೇಶಕ್ಕೆ ಒಂದೇ ರೂಪಾಯಿ ಎಂದು ನಾಲ್ಕನೆಯ ವಿಲಿಯಂ ಅರಸನ ತಲೆಯನ್ನು ಹಾಕಿದರು. ಅಧಿಕಾರ ಮೊದಲೇ ಕೈಗೆ ಬಂದಿತ್ತು, ಮುಖ ತೋರಿಸಿದ್ದು ಆಮೇಲೆ.

ಮೈಸೂರಿನಲ್ಲಿ 1799ರಲ್ಲಿ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾದ ನಂತರ ವರಾಹದ ಮೇಲೆ ಶಿವಪಾರ್ವತಿಯರು ಮರಳಿದರು. ತಾಮ್ರದ ಕಾಸಿನಲ್ಲಿ ಟಿಪ್ಪುವಿನ ಆನೆ ಮುಂದುವರಿಯಿತು, ಮೇಲೆ ‘ಶ್ರೀ’ ಸೇರಿತು, ಬಳಿಕ ‘ಶ್ರೀ ಚಾಮುಂಡಿ’, ಸಿಂಹ. ‘ಮಯಿಲಿ ಕಾಸು’ ಎಂದು ಕನ್ನಡದಲ್ಲಿ, ಬೆಲೆ ಇಂಗ್ಲಿಷಿನಲ್ಲೂ, ಜೊತೆಗೆ ಪಾರಸಿ ಅಕ್ಷರವೂ ಇರುವ ಕಾಸು ಇವೆ. ಒಂದು ಬಿಲ್ಲೆಯಲ್ಲಿ ಮೂರು ಲಿಪಿ. ಆಗ ಮೈಸೂರಿನಲ್ಲಿ ಯಾರ ಯಾರ ಮಾತು ನಡೆಯುತ್ತಿತ್ತು ಎಂಬುದನ್ನು ಬೇರೆ ಹೇಳಬೇಕಿಲ್ಲ. 1831ರಲ್ಲಿ ಆಡಳಿತ ಕಂಪನಿಗೆ ಹೋಯಿತು. ಟಂಕಸಾಲೆ ಬೆಂಗಳೂರಿಗೆ ಹೋಗಿ, 1843ರಲ್ಲಿ ನಿಂತಿತು.

ಮನೆಯ ಪೆಟ್ಟಿಗೆಯಲ್ಲಿ ಇರುವುದು

ಇಂಥ ನಾಣ್ಯಗಳು ಈಗಲೂ ಹಳೆಯ ವರ್ತಕ ಮನೆತನಗಳ ಪೂಜಾ ಪೆಟ್ಟಿಗೆಯಲ್ಲಿ, ಕೆಲವು ಬಸದಿಗಳ ಭಂಡಾರದಲ್ಲಿ ಇವೆ. ದೀಪಾವಳಿಯಲ್ಲಿ ಮಹಾವೀರ ನಿರ್ವಾಣದ ಪೂಜೆಯ ನಂತರ ಲೆಕ್ಕದ ಪುಸ್ತಕದ ಜೊತೆಗೆ ಇವನ್ನೂ ಇಡುವ ಪದ್ಧತಿ ಇದೆ. ಚಿನ್ನದ ಬೆಲೆ ಏರಿದಾಗ, ಮದುವೆ ಬಂದಾಗ, ಪಾಲು ಆಗುವಾಗ ಇವು ಮೂಸೆಗೆ ಹೋಗುತ್ತವೆ. ನಾಲ್ಕು ಗ್ರಾಂ ಚಿನ್ನಕ್ಕೆ ನಾಲ್ಕು ಗ್ರಾಂ ಚಿನ್ನದ ಬೆಲೆ ಬರುತ್ತದೆ, ತಲಕಾಡುಗೊಂಡ ಎಂಬ ಮೂರು ಸಾಲು ಕರಗಿಹೋಗುತ್ತದೆ. ಮಾರಲೇಬೇಕಾದವರು ಮೊದಲು ನಾಣ್ಯಶಾಸ್ತ್ರ ತಿಳಿದವರಿಗೋ ವಸ್ತುಸಂಗ್ರಹಾಲಯಕ್ಕೋ ತೋರಿಸುವುದು ಲಾಭದ ದೃಷ್ಟಿಯಿಂದಲೂ ಒಳ್ಳೆಯದು; ಅಪರೂಪದ ನಾಣ್ಯಕ್ಕೆ ಚಿನ್ನಕ್ಕಿಂತ ಹಲವು ಪಟ್ಟು ಬೆಲೆ ಇದೆ.

ಹೊಲ ಉಳುವಾಗ, ಮನೆಯ ಪಾಯ ತೆಗೆಯುವಾಗ ನೆಲದಲ್ಲಿ ಸಿಕ್ಕ ನಾಣ್ಯಗಳ ವಿಷಯ ಬೇರೆ. ಅದು ನಿಧಿ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಜಿಲ್ಲಾಧಿಕಾರಿಗಳಿಗೆ ತಿಳಿಸಲೇಬೇಕು. ನೂರು ವರ್ಷಕ್ಕಿಂತ ಹಳೆಯ ನಾಣ್ಯವನ್ನು ವಿದೇಶದಲ್ಲಿರುವ ಮಕ್ಕಳಿಗೆ ಉಡುಗೊರೆಯಾಗಿ ಒಯ್ಯುವಂತಿಲ್ಲ, 1972ರ ಪುರಾವಸ್ತು ಕಾಯ್ದೆ ಇದಕ್ಕೆ ಅಡ್ಡ ಬರುತ್ತದೆ.

ಮೋಸದ ಬಗ್ಗೆಯೂ ಎಚ್ಚರ ಇರಲಿ. ಒಂದು ಕಡೆ ಈಸ್ಟ್ ಇಂಡಿಯಾ ಕಂಪನಿ 1818 ಎಂದು, ಇನ್ನೊಂದು ಕಡೆ ರಾಮ ಸೀತೆ ಅಥವಾ ಹನುಮನ ಚಿತ್ರ ಇರುವ ತಾಮ್ರದ ಬಿಲ್ಲೆಗಳನ್ನು ಹಿಡಿದು, ಇದು ಅಕ್ಕಿ ಕಾಳನ್ನು ಎಳೆಯುತ್ತದೆ, ಕೋಟಿ ಬೆಲೆ ಇದೆ ಎಂದು ಬರುವವರಿದ್ದಾರೆ. ರೈಸ್ ಪುಲ್ಲಿಂಗ್ ಎಂಬ ಈ ದಂಧೆಗೆ ಓದಿದವರೂ ದುಡ್ಡು ಕಳೆದುಕೊಂಡಿದ್ದಾರೆ. ಕಂಪನಿ ಅಂಥ ನಾಣ್ಯವನ್ನು ಹೊರಡಿಸಿಯೇ ಇಲ್ಲ. ರಾಮಪಟ್ಟಾಭಿಷೇಕದ ಚಿತ್ರವಿರುವ ರಾಮಟಂಕಗಳು ಹಳೆಯವು ಇರಬಹುದು, ಆದರೆ ಅವು ಪೂಜೆಗೆ ಮಾಡಿದ ಬಿಲ್ಲೆಗಳು, ಯಾವ ಅರಸನ ನಾಣ್ಯವೂ ಅಲ್ಲ.

ಸ್ವತಂತ್ರ ಭಾರತದ ನಾಣ್ಯದಲ್ಲಿ ಅರಸನ ಮುಖ ಹೋಗಿ 1950ರಲ್ಲಿ ಅಶೋಕನ ಸಿಂಹಸ್ತಂಭ ಬಂತು. ಗಂಗರು, ಹೊಯ್ಸಳರು ನಾಣ್ಯದ ಮೇಲೆ ತರದಿದ್ದ ಹೆಸರೊಂದು 2001ರಲ್ಲಿ ಬಂತು. ಭಗವಾನ್ ಮಹಾವೀರರ 2600ನೇ ಜನ್ಮ ಕಲ್ಯಾಣಕದ ನೆನಪಿಗೆ ಭಾರತ ಸರ್ಕಾರ ಹೊರಡಿಸಿದ 5 ರೂಪಾಯಿಯ ನಾಣ್ಯ ಅದು. ಅಂಗಡಿಯ ಗಲ್ಲಾದಲ್ಲಿ ಈಗಲೂ ಒಮ್ಮೊಮ್ಮೆ ಸಿಗುತ್ತದೆ. ಸಿಕ್ಕವರು ಅದನ್ನು ತೆಗೆದಿಟ್ಟುಕೊಳ್ಳುತ್ತಾರೆ. ಹಾಗೆ ಇಟ್ಟದ್ದನ್ನಾಗಲಿ, ಹಿರಿಯರು ಬಿಟ್ಟುಹೋದ ವರಾಹವನ್ನಾಗಲಿ, ಹಬ್ಬದ ಹಿಂದಿನ ದಿನ ಹುಣಸೆಹಣ್ಣು ಹಾಕಿ ತಿಕ್ಕಬಾರದು. ಒಣ ಹತ್ತಿ ಬಟ್ಟೆಯಲ್ಲಿ ಒರೆಸಿದರೆ ಸಾಕು, ಅಕ್ಷರ ಸವೆಯುವುದಿಲ್ಲ.